ಸಿಮ್ಮಿನೊಳಗಿನ ಹದಿನೈದು ಅಂಕಿಗಳು

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಾಗೇ ಅಡ್ಡಾಗಿದ್ದೆ. ಊರಿಂದ ಫೋನು. ನಂಬರು ಕಾಕಿಯದು, ಮಾತಾಡಿದ್ದು ಕಾಕಾ.

"ತಮ್ಮಾ, ಸಿಮ್ಮಿನ ನಂಬರ ಫೋನಿನ್ಯಾಗ ಎಲ್ಲಿ ಇರತೈತಿ?"

"ಯಾವ ನಂಬರ ಕಾಕಾ? ನಿನ್ನ ಮೊಬೈಲ್ ನಂಬರಾ?"

"ಅದಲ್ಲೋ. ಸಿಮ್ಮಿಂದು ಬ್ಯಾರೆ ಒಂದು ಇರತೈತಂತಲ್ಲ, ಉದ್ದಂದು... ಸಿಮ್ ತಗದು ನೋಡಿದ್ನಿ, ಎಲ್ಲಾ ಅಳಿಸಿ ಹೋಗೈತಿ. ಚಾಳೀಸ ಹಾಕ್ಕೊಂಡ್ರೂ ಕಾಣವಲ್ದು."

ನಾನು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೋಡ್ ಕುಟ್ಟುವ ಆಸಾಮಿ. ಊರಲ್ಲಿ ಯಾರ ಟೀವಿ ಕೆಟ್ಟರೂ, ಯಾರ ಪಹಣಿ ಆನ್‌ಲೈನಿನಲ್ಲಿ ತೆರೆಯದಿದ್ದರೂ ಮೊದಲು ಫೋನು ಬರೋದು ನನಗೇ. ಒಳಗೊಳಗೇ ಖುಷಿ ಅನ್ನಿ :) ಸರಿ, ಸಿಮ್ ವಾಪಸ್ ಹಾಕಿಸಿ ಹೇಳುತ್ತಾ ಹೋದೆ. ಸೆಟ್ಟಿಂಗ್ಸ್ ಒತ್ತು, ಕೆಳಗೆ ಅಬೌಟ್ ಫೋನ್ ಅಂತ ಐತಿ ನೋಡು, ಅದರೊಳಗ ಸಿಮ್ ಸ್ಟೇಟಸ್, ಅದರೊಳಗ ಐಸಿಸಿಐಡಿ. ಕಾಕಾ ಒಂದೊಂದೇ ಅಂಕಿ ಜೋರಾಗಿ ಓದತೊಡಗಿದ. ಎಂಟು, ಒಂಬತ್ತು, ಒಂಬತ್ತು, ಒಂದು...

"ಹಾಂ, ಅದೇ ನೋಡು. ಅಂದಂಗ ಯಾಕ ಬೇಕಾಗಿತ್ತು?"

"ಕಂಪನಿಯವ್ರು ಫೋನ್ ಮಾಡಿದ್ರೋ. ಫೈವ್ ಜಿ ಮಾಡಿಕೊಡ್ತಾರಂತ. ಈ ನಂಬರ ಹೇಳಲಿಲ್ಲಂದ್ರ ಸಂಜಿಗೆ ಸಿಮ್ ಬಂದ್ ಆಗತೈತಂತ. ಹತ್ತು ನಿಮಿಷಕ್ಕ ಮತ್ತ ಮಾಡ್ತಾರ."

ಎದ್ದು ಕೂತೆ. ಎದೆ ಧಸಕ್ ಅಂತು. ಕಳ್ಳನಿಗೆ ಬೇಕಾದ್ದನ್ನು ಹುಡುಕಿಕೊಡುವ ಕೆಲಸವನ್ನು ನಾನೇ, ಹೆಮ್ಮೆಯಿಂದ, ಹೆಜ್ಜೆ ಹೆಜ್ಜೆಗೂ ಹೇಳಿಕೊಟ್ಟಿದ್ದೆ!

"ಕಾಕಾ, ಆ ನಂಬರ ಯಾರಿಗೂ ಕೊಡಬ್ಯಾಡ. ಫೋನ್ ಬಂದ್ರ ಎತ್ತಬ್ಯಾಡ. ಅವರು ಕಳಿಸಿದ ಮೆಸೇಜ್ ಯಾರಿಗೂ ಮುಂದ ಕಳಿಸಬ್ಯಾಡ."

"ಪಾಪ, ಹುಡುಗ ಎಷ್ಟ್ ಚೊಲೊ ಕನ್ನಡ ಮಾತಾಡಿದ್ನಲ್ಲೋ..." ಅಂದ ಕಾಕಾ.

ಕಾಕಾನ ಖಾತೆಯಲ್ಲಿ ಭತ್ತ ಮಾರಿದ ದುಡ್ಡಿತ್ತು. ಗೊಬ್ಬರದ ಅಂಗಡಿ ಸಾಲ, ತಂಗಿಯ ಕಾಲೇಜಿನ ಫೀಜು, ಎಲ್ಲ ಅದರಲ್ಲೇ ತೀರಬೇಕು. ಅವತ್ತು ಉಳಿಯಿತು. ಆದರೆ ಉಳಿದದ್ದು ನನ್ನ ಜಾಣತನದಿಂದಲ್ಲ. ಮಾತಿಗೆ ಮಾತು ಬಂದು "ಯಾಕ" ಅಂತ ಕೇಳಿದ್ದರಿಂದ ಅಷ್ಟೇ. ಆವತ್ತಿನಿಂದ ತಲೆಯಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಬರೆದು ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊದಲಿಗೆ ಗೊಂದಲ ಬಿಡಿಸೋಣ. "ಮೊಬೈಲ್ ನಂಬರು" ಅಂತ ನಾವು ಒಂದೇ ಉಸಿರಲ್ಲಿ ಹೇಳುವುದರ ಹಿಂದೆ ನಾಲ್ಕು ಬೇರೆ ಬೇರೆ ಸಂಖ್ಯೆಗಳಿವೆ.

ಒಂದು, ಎಲ್ಲರಿಗೂ ಗೊತ್ತಿರುವ ಹತ್ತಂಕಿಯ ಫೋನ್ ನಂಬರು.

ಎರಡು, ಐಎಂಇಐ. ಇದು ಹ್ಯಾಂಡ್‌ಸೆಟ್ಟಿನದು, ಸಿಮ್ಮಿನದಲ್ಲ. *#06# ಒತ್ತಿದರೆ ಕೀಪ್ಯಾಡ್ ಫೋನಿನಲ್ಲೂ ಬರುತ್ತದೆ. 15 ಅಂಕಿ. ಎರಡು ಸಿಮ್ಮಿನ ಫೋನಿಗೆ ಎರಡು.

ಮೂರು, ಐಸಿಸಿಐಡಿ. ಸಿಮ್ ಕಾರ್ಡಿನ ಬೆನ್ನ ಮೇಲೆ ಅಚ್ಚಾಗಿರುವ ಉದ್ದನೆಯ 19-20 ಅಂಕಿ. 89 ಅಂದರೆ ಟೆಲಿಕಾಂ ಕಾರ್ಡು, ಮುಂದಿನ 91 ಅಂದರೆ ಭಾರತ. ಅದಕ್ಕೇ ನಮ್ಮ ಸಿಮ್ಮುಗಳೆಲ್ಲ 8991 ಅಂತ ಶುರುವಾಗೋದು. ಕಾಕಾ ಓದಿದ್ದು ಇದನ್ನೇ. ಇದು ಪ್ಲಾಸ್ಟಿಕ್ಕಿನ ನಂಬರು, ಚೆಕ್ ಪುಸ್ತಕದ ಮೇಲಿನ ಸೀರಿಯಲ್ ನಂಬರ್ ಇದ್ದ ಹಾಗೆ.

ನಾಲ್ಕನೆಯದೇ ಅಸಲಿ. ಐಎಂಎಸ್‌ಐ. ಇಂಟರ್‌ನ್ಯಾಷನಲ್ ಮೊಬೈಲ್ ಸಬ್‌ಸ್ಕ್ರೈಬರ್ ಐಡೆಂಟಿಟಿ. ಸಿಮ್ ಅನ್ನುವ ಹೆಸರಿನಲ್ಲೇ ಇದೆಯಲ್ಲ, ಸಬ್‌ಸ್ಕ್ರೈಬರ್ ಐಡೆಂಟಿಟಿ ಮಾಡ್ಯೂಲ್ ಅಂತ, ಆ ಐಡೆಂಟಿಟಿ ಇದೇ. ಇದೂ 15 ಅಂಕಿ. ಕಾರ್ಡಿನ ಮೇಲೆ ಅಚ್ಚಾಗಿರುವುದಿಲ್ಲ, ಬಿಲ್ಲಿನಲ್ಲಿ ಇರುವುದಿಲ್ಲ, ಸೆಟ್ಟಿಂಗ್ಸಿನಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ.

ನಾನು ಇದನ್ನು ಮೊದಲ ಸಲ ಕಣ್ಣಾರೆ ನೋಡಿದ್ದು ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ. ಮಿಸ್ಡ್ ಕಾಲ್ ಕೊಟ್ಟರೆ ಹೊಲದ ಪಂಪ್‌ಸೆಟ್ ಚಾಲೂ ಆಗುವ ಪ್ರಾಜೆಕ್ಟು. (ನಮ್ಮ ಕಡೆಯ ಹುಡುಗರು ಎಂಜಿನಿಯರಿಂಗ್ ಸೇರಿದರೆ ನಾಲ್ಕರಲ್ಲಿ ಒಂದು ಪ್ರಾಜೆಕ್ಟ್ ಪಂಪ್‌ಸೆಟ್ಟಿನದೇ, ನಗಬೇಡಿ.) ಆರ್ಡುಯಿನೋ ಬೋರ್ಡಿಗೆ ಸಿಮ್900 ಮಾಡ್ಯೂಲ್ ಸಿಕ್ಕಿಸಿ, ಎಟಿ+ಸಿಐಎಂಐ ಅಂತ ಕಮ್ಯಾಂಡ್ ಕಳಿಸಿದರೆ ಮರುಕ್ಷಣ ಪರದೆ ಮೇಲೆ 404ರಿಂದ ಶುರುವಾಗುವ ಹದಿನೈದು ಅಂಕಿ ಬಂದು ಬೀಳುತ್ತಿತ್ತು. ಅದೇನೆಂದು ಆಗ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೋಟರ್ ತಿರುಗಿತು, ಮಾರ್ಕ್ಸ್ ಬಂತು.

ಆ ಅಂಕಿಗಳನ್ನು ಓದುವುದು ಕಷ್ಟವೇನಲ್ಲ. ಲ್ಯಾಂಡ್‌ಲೈನ್ ಕಾಲ ನೆನಪಿಸಿಕೊಳ್ಳಿ. 08533 ಅಂದರೆ ಸಾಕು, ಗಂಗಾವತಿ ಕಡೆಯ ಫೋನು ಅಂತ ಗೊತ್ತಾಗುತ್ತಿತ್ತು. ಐಎಂಎಸ್‌ಐಯಲ್ಲೂ ಅದೇ ಲೆಕ್ಕ. ಮೊದಲ ಮೂರು ಅಂಕಿ ದೇಶ: ಭಾರತಕ್ಕೆ 404, 405. ಮುಂದಿನ ಎರಡೋ ಮೂರೋ ಅಂಕಿ ಕಂಪನಿ ಮತ್ತು ಸರ್ಕಲ್: 404ರ ಮುಂದೆ 71 ಇದ್ದರೆ ಬಿಎಸ್‌ಎನ್‌ಎಲ್ ಕರ್ನಾಟಕ, 45 ಇದ್ದರೆ ಏರ್‌ಟೆಲ್ ಕರ್ನಾಟಕ, 405ರ ಮುಂದೆ 861 ಇದ್ದರೆ ಜಿಯೋ ಕರ್ನಾಟಕ. ಉಳಿದದ್ದು ಆ ಕಂಪನಿಯ ಪುಸ್ತಕದಲ್ಲಿ ನಿಮ್ಮ ಖಾತೆಯ ನಂಬರು.

ನಮ್ಮೂರನ್ನೇ ತಗೊಳ್ಳಿ. ಸಾಣಾಪುರ ಗೊತ್ತಿಲ್ಲದವರಿಗೆ: ಹಂಪಿಯಲ್ಲಿ ನಿಂತು ತುಂಗಭದ್ರೆಯ ಆಚೆ ದಡ ನೋಡಿದರೆ ಕಾಣುವ ಬಂಡೆಗುಡ್ಡಗಳ, ಭತ್ತದ ಗದ್ದೆಗಳ ಸೀಮೆ ನಮ್ಮದು. ಆನೆಗೊಂದಿ, ಅಂಜನಾದ್ರಿ ಎಲ್ಲ ಪಕ್ಕದಲ್ಲೇ. ಕೆರೆ ನೋಡಲಿಕ್ಕೆ, ಹರಗೋಲಿನಲ್ಲಿ ಕೂರಲಿಕ್ಕೆ, ಬಂಡೆ ಹತ್ತಲಿಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇಸ್ರೇಲಿನವನೊಬ್ಬ ತನ್ನ ದೇಶದ ಸಿಮ್ಮಿನೊಂದಿಗೆ ಬಂದು ಇಳಿದ ಅನ್ನಿ. ಟವರಿಗೆ ಅವನ ಬಣ್ಣ, ಭಾಷೆ ಗೊತ್ತಿಲ್ಲ. ಅವನ ಐಎಂಎಸ್‌ಐ 425ರಿಂದ ಶುರುವಾಗುತ್ತದೆ, ಅದು ಇಸ್ರೇಲು. ಫ್ರಾನ್ಸಿನವಳದು 208. ಜರ್ಮನಿಯವನದು 262. ಇಲ್ಲಿನ ನೆಟ್‌ವರ್ಕು ಆ ಅಂಕಿ ನೋಡಿ ಅವರವರ ಊರಿನ ಕಂಪನಿಗೆ "ನಿಮ್ಮವರೊಬ್ಬರು ಬಂದಿದ್ದಾರೆ, ಒಳಗೆ ಬಿಡಲೇ?" ಅಂತ ಕೇಳುತ್ತದೆ. ಪಕ್ಕದಲ್ಲೇ ಹರಗೋಲು ನಡೆಸುವ ಹುಡುಗನ 404ಕ್ಕೆ ಬೆಂಗಳೂರಿನ ಪುಸ್ತಕವೋ ಮತ್ತೊಂದೋ ಸಾಕು. ಟವರಿನ ಮುಂದೆ ನಾವೆಲ್ಲ ಹದಿನೈದು ಅಂಕಿಗಳೇ.

ಇಲ್ಲಿದೆ ನೋಡಿ ಮುಖ್ಯ ವಿಷಯ. ಸಿಮ್ಮಿಗೆ ನಿಮ್ಮ ಫೋನ್ ನಂಬರು ಗೊತ್ತಿರಲೇಬೇಕು ಅಂತೇನೂ ಇಲ್ಲ! ಎಷ್ಟೋ ಫೋನುಗಳಲ್ಲಿ "ಮೈ ನಂಬರ್: ಅನ್‌ನೋನ್" ಅಂತ ತೋರಿಸುವುದು ಅದಕ್ಕೇ. ಸಿಮ್ಮಿನಲ್ಲಿ ಇರಲೇಬೇಕಾದ್ದು ಎರಡು: ಐಎಂಎಸ್‌ಐ, ಮತ್ತೆ 128 ಬಿಟ್ಟಿನ ಒಂದು ಗುಟ್ಟಿನ ಕೀಲಿ. ಆ ಕೀಲಿ ಸಿಮ್ಮಿನಿಂದ ಹೊರಗೆ ಬರುವುದೇ ಇಲ್ಲ. ನೆಟ್‌ವರ್ಕು ಒಂದು ಅಂಕಿ ಎಸೆಯುತ್ತದೆ, ಸಿಮ್ಮು ಒಳಗೇ ಲೆಕ್ಕ ಮಾಡಿ ಉತ್ತರ ಕೊಡುತ್ತದೆ, ಕಂಪನಿಯ ಹತ್ತಿರವೂ ಅದೇ ಕೀಲಿಯ ಪ್ರತಿ ಇರುವುದರಿಂದ ತಾಳೆ ನೋಡುತ್ತದೆ. ತಾಳೆಯಾದರೆ ನೀವು ನೀವೇ.

ಹಾಗಾದರೆ ಫೋನ್ ನಂಬರು ಎಲ್ಲಿರುತ್ತದೆ? ಕಂಪನಿಯ ಒಂದು ಡೇಟಾಬೇಸಿನಲ್ಲಿ. ಈ ಐಎಂಎಸ್‌ಐಗೆ ಈ ಫೋನ್ ನಂಬರು ಅಂತ ಒಂದು ಸಾಲು. ಅಷ್ಟೇ. ಸಿಮ್ ಹಾಳಾಗಿ ಹೊಸದು ಕೊಂಡರೆ ಹೊಸ ಕಾರ್ಡಿನಲ್ಲಿ ಹೊಸ ಐಎಂಎಸ್‌ಐ ಇರುತ್ತದೆ, ಡೇಟಾಬೇಸಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಾರೆ. 2011ರ ಜನವರಿ 20ರಿಂದ ದೇಶದಾದ್ಯಂತ ಬಂದ ನಂಬರ್ ಪೋರ್ಟಬಿಲಿಟಿಯೂ ಹೀಗೇ. ನಂಬರ್ ನಿಮ್ಮದೇ ಉಳಿಯಿತು ಅಂತ ನಾವು ಸಂಭ್ರಮಪಟ್ಟೆವು, ಒಳಗಿನ ಗುರುತು ಪೂರಾ ಬದಲಾಗಿತ್ತು.

ಕಾಕಾಗೆ ಫೋನು ಮಾಡಿದ "ಚೊಲೊ ಕನ್ನಡದ ಹುಡುಗ"ನಿಗೆ ಬೇಕಾಗಿದ್ದದ್ದು ಆ ಒಂದು ಸಾಲು. ಕಾಕಾನ ನಂಬರಿನ ಮುಂದೆ ತನ್ನ ಕೈಯಲ್ಲಿರುವ ಹೊಸ ಸಿಮ್ಮು ಬರುವ ಹಾಗೆ ಮಾಡುವುದು. ಇದಕ್ಕೆ ಸಿಮ್ ಸ್ವ್ಯಾಪ್ ಅಂತಾರೆ. ದಾರಿಗಳು ಹಲವು. ಸಿಮ್ಮಿನ ಹಿಂದಿನ ಉದ್ದ ನಂಬರು ಹೇಳಿಸಿಕೊಂಡು, ಅದನ್ನೇ ಗುರುತಾಗಿ ತೋರಿಸಿ ಕಂಪನಿಯವರನ್ನು ನಂಬಿಸುವುದು ಒಂದು. ತನ್ನ ಹತ್ತಿರವಿರುವ ಖಾಲಿ ಸಿಮ್ಮಿನ ನಂಬರನ್ನು ನಮಗೆ ಕಳಿಸಿ "ಇದನ್ನು ಕಂಪನಿಗೆ ಎಸ್ಸೆಮ್ಮೆಸ್ ಮಾಡಿ, ಆಮೇಲೆ ಒಂದು ಒತ್ತಿ" ಅಂತ ನಮ್ಮ ಕೈಯಿಂದಲೇ ಅರ್ಜಿ ಹಾಕಿಸುವುದು ಇನ್ನೊಂದು. ಖೋಟಾ ದಾಖಲೆ ಹಿಡಿದು ಅಂಗಡಿಗೇ ಹೋಗುವುದು ಮತ್ತೊಂದು. ಹೇಗೇ ಆದರೂ ಫಲ ಒಂದೇ. ಸಾಣಾಪುರದಲ್ಲಿ ಕಾಕಾನ ಫೋನಿನ ಸಿಗ್ನಲ್ ಕಡ್ಡಿ ಮಾಯ. "ಟವರ್ ಹೋಗೈತಿ, ಕರೆಂಟ್ ಇಲ್ಲೇನೋ" ಅಂತ ಅವನು ಸುಮ್ಮನಿರುತ್ತಾನೆ. ಎಲ್ಲೋ ಇನ್ನೊಂದು ಊರಲ್ಲಿ ಅವನ ಓಟಿಪಿಗಳು ಬೀಳುತ್ತಿರುತ್ತವೆ.

ಈಗ ಎಷ್ಟೋ ಜನ ಕೇಳುವ ಪ್ರಶ್ನೆಗೆ ಬರೋಣ. ಸ್ಮಾರ್ಟ್‌ಫೋನಿನಲ್ಲಿ ಈ ಐಎಂಎಸ್‌ಐ ನೋಡೋದು ಹೇಗೆ?

ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಒಂದು ಪರೀಕ್ಷಾ ಪುಟ ತೆರೆಯುತ್ತದೆ (ಹಳೇ ಕೀಪ್ಯಾಡಿನಲ್ಲಿ 4636 ಒತ್ತಿದರೆ ಇನ್ಫೋ ಅಂತ ಆಗುತ್ತದೆ, ಅದೇ ಗುಟ್ಟು). ಅಲ್ಲಿ ಫೋನ್ ಇನ್ಫರ್ಮೇಷನ್ ಒಳಗೆ ಐಎಂಎಸ್‌ಐ ಕಾಣಬಹುದು. ಎಷ್ಟೋ ಕಂಪನಿಗಳ ಫೋನುಗಳಲ್ಲಿ ಆ ಪುಟವೇ ತೆರೆಯುವುದಿಲ್ಲ. ಐಫೋನಿನ ಅಬೌಟ್ ಪುಟದಲ್ಲಿ ಐಎಂಇಐ, ಐಸಿಸಿಐಡಿ ಎರಡೂ ಇವೆ, ಐಎಂಎಸ್‌ಐ ಇಲ್ಲ. "ಐಎಂಎಸ್‌ಐ ತೋರಿಸುತ್ತೇವೆ" ಅನ್ನುವ ಆ್ಯಪುಗಳೂ ಇದ್ದವು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪುಗಳಿಗೆ ಆ ಬಾಗಿಲು ಮುಚ್ಚಿತು. ಅದಕ್ಕೂ ಮುಂಚೆ "ಫೋನ್ ಸ್ಥಿತಿ ಓದಲು ಅನುಮತಿಸಿ" ಅನ್ನುವುದಕ್ಕೆ ನಾವು ಹೂಂ ಅಂದರೆ ಸಾಕು, ಒಂದು ಟಾರ್ಚ್ ಆ್ಯಪು ಕೂಡ ನಮ್ಮ ಐಎಂಎಸ್‌ಐ ಎತ್ತಿಕೊಂಡು ಹೋಗಬಹುದಿತ್ತು!

ಇದಕ್ಕೆ ನನ್ನ ಗೆಳೆಯನೊಬ್ಬನ ತಕರಾರು ಹೀಗೆ: "ಸಿಮ್ ನನ್ನದು, ದುಡ್ಡು ಕೊಡೋನು ನಾನು. ನನ್ನ ಗುರುತಿನ ನಂಬರನ್ನ ನನಗೇ ತೋರಿಸಲ್ಲ ಅಂದ್ರೆ ಏನರ್ಥ?" ಮಾತು ತೂಕದ್ದೇ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಅನ್ನಿಸುವುದು ಬೇರೆ. ಮುಚ್ಚಿಟ್ಟದ್ದು ಸರಿಯೇ.

ಯಾಕೆಂದರೆ ಫೋನು ಬದಲಿಸಿದರೂ ಸಿಮ್ಮಿನೊಂದಿಗೆ ಬರುವುದು ಐಎಂಎಸ್‌ಐ. ಆ್ಯಪು ಅಳಿಸಬಹುದು, ಲೊಕೇಶನ್ ಆರಿಸಬಹುದು, ಇದನ್ನು ಅಳಿಸಲಿಕ್ಕಾಗುವುದಿಲ್ಲ. ಜಾಹೀರಾತಿನವರಿಗೆ ಇದು ಮನುಷ್ಯನಿಗೆ ಹಾಕಿದ ಬರೆ ಇದ್ದ ಹಾಗೆ. ಟೆಲಿಕಾಂ ಮಂದಿಗೂ ಇದು ಗೊತ್ತಿತ್ತು. ಅದಕ್ಕೇ ಟವರಿನೊಂದಿಗೆ ಮಾತಾಡುವಾಗ ಪದೇ ಪದೇ ಐಎಂಎಸ್‌ಐ ಹೇಳದೆ, ಟಿಎಂಎಸ್‌ಐ ಅನ್ನುವ ತಾತ್ಕಾಲಿಕ ಹೆಸರೊಂದನ್ನು ಕೊಡುವ ಪದ್ಧತಿ 2ಜಿಯಿಂದಲೂ ಇದೆ. ಆದರೂ ಒಂದು ತೂತು ಉಳಿದಿತ್ತು. "ನಿನ್ನ ಅಸಲಿ ಹೆಸರು ಹೇಳು" ಅಂತ ಟವರ್ ಕೇಳಿದರೆ 2ಜಿ, 3ಜಿ, 4ಜಿಯಲ್ಲಿ ಫೋನು ಬಾಯಿಬಿಟ್ಟು ಹೇಳಿಬಿಡುತ್ತದೆ. ಅದರಲ್ಲೂ 2ಜಿಯಲ್ಲಿ ಫೋನು ತಾನು ಯಾರೆಂದು ಟವರಿಗೆ ಸಾಬೀತು ಮಾಡಬೇಕು, ಟವರು ಅಸಲಿಯೋ ನಕಲಿಯೋ ಅಂತ ಕೇಳುವ ಹಕ್ಕು ಫೋನಿಗೆ ಇಲ್ಲ! ನಕಲಿ ಟವರ್ ಇಟ್ಟು ಸುತ್ತಲಿನ ಫೋನುಗಳ ಐಎಂಎಸ್‌ಐ ಹಿಡಿಯುವ ಯಂತ್ರಗಳು ಹುಟ್ಟಿದ್ದು ಇದೇ ತೂತಿನಿಂದ. ಅವಕ್ಕೆ ಹೆಸರೇ ಐಎಂಎಸ್‌ಐ ಕ್ಯಾಚರ್. 5ಜಿಯ ಅಸಲಿ ರೂಪದಲ್ಲಿ, ಅಂದರೆ 4ಜಿಯ ಬೆನ್ನೇರದೆ ಸ್ವಂತ ಕಾಲ ಮೇಲೆ ನಿಂತ 5ಜಿಯಲ್ಲಿ, ಈ ಗುರುತನ್ನು ಕಂಪನಿಯ ಬೀಗ ಹಾಕಿಯೇ ಕಳಿಸುವ ವ್ಯವಸ್ಥೆ ಬಂತು. ಅಂದರೆ ಮೂರು ತಲೆಮಾರು ಬೇಕಾಯಿತು ಈ ಒಂದು ತೂತಿಗೆ ಬಿರಡೆ ಹಾಕಲಿಕ್ಕೆ. ಫೋನಿನಲ್ಲಿ 2ಜಿ ಆರಿಸುವ ಆಯ್ಕೆ ಇದ್ದರೆ, ನಿಮ್ಮೂರಲ್ಲಿ 4ಜಿ ಚೆನ್ನಾಗಿ ಸಿಗುತ್ತಿದ್ದರೆ ಆರಿಸಿಡಿ.

ಹಾಗಂತ ಹೆದರಿಸುತ್ತಿಲ್ಲ. ಐಎಂಎಸ್‌ಐ ಗೊತ್ತಾದ ಮಾತ್ರಕ್ಕೆ ಯಾರೂ ನಿಮ್ಮ ಸಿಮ್ಮನ್ನು ನಕಲು ಮಾಡಲಾರರು, ಗುಟ್ಟಿನ ಕೀಲಿ ಬೇಕಲ್ಲ. ಬಹಳ ಹಳೆಯ ಸಿಮ್ಮುಗಳ ಲೆಕ್ಕಾಚಾರವನ್ನು 1998ರಲ್ಲೇ ಸಂಶೋಧಕರು ಒಡೆದು ತೋರಿಸಿದ್ದರು. ಆಮೇಲಿನ ಸಿಮ್ಮುಗಳಲ್ಲಿ ಲೆಕ್ಕ ಗಟ್ಟಿಯಾಯಿತು. ಈಗ ಕಳ್ಳರು ಗಣಿತದ ಗೋಡೆಗೆ ತಲೆ ಚಚ್ಚಿಕೊಳ್ಳುವುದಿಲ್ಲ. ಪಕ್ಕದ ಬಾಗಿಲು ತೆರೆದಿರುವಾಗ ಗೋಡೆ ಯಾಕೆ ಕೊರೆಯಬೇಕು?

ಆ ತೆರೆದ ಬಾಗಿಲು ಅಂದರೆ ಡುಪ್ಲಿಕೇಟ್ ಸಿಮ್ ಕೊಡುವ ಕೌಂಟರು. ನನ್ನ ಅಭಿಪ್ರಾಯದ ತಿರುಳು ಇಷ್ಟೇ: ಐಎಂಎಸ್‌ಐಯನ್ನು ಆ್ಯಪುಗಳಿಂದ, ಗಾಳಿಯಲ್ಲಿ, ಕಾರ್ಡಿನಲ್ಲಿ ಅಷ್ಟು ಜತನದಿಂದ ಬಚ್ಚಿಟ್ಟೆವು. ಆದರೆ ಆ ಐಎಂಎಸ್‌ಐಯನ್ನೇ ಬದಲಿಸುವ ಜಾಗಕ್ಕೆ ಅಷ್ಟು ಜತನ ಮಾಡಲಿಲ್ಲ. ಮತ್ತು ಇದರಲ್ಲಿ ದೊಡ್ಡ ತಪ್ಪು ನಮ್ಮದು, ಅಂದರೆ ನನ್ನಂಥ ಸಾಫ್ಟ್‌ವೇರ್ ಜನರದು.

ಹೌದು. ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೇ ಬರೆದ ಲಾಗಿನ್ ಕೋಡ್ ಇದೆ. ಮೊಬೈಲ್ ನಂಬರ್ ಹಾಕು, ಓಟಿಪಿ ಹಾಕು, ಒಳಗೆ ಬಾ. ಪಾಸ್‌ವರ್ಡ್ ಮರೆತೆಯಾ? ಓಟಿಪಿ ಹಾಕು. ಇಮೇಲ್ ಬದಲಿಸಬೇಕಾ? ಓಟಿಪಿ ಹಾಕು. ಮೂರು ಬಾಗಿಲಿಗೂ ಒಂದೇ ಕೀಲಿ. ಕೋಡ್ ನೋಡಿದವರು "ಚೆನ್ನಾಗಿದೆ" ಅಂದರು. ಆ ನಂಬರಿನ ಹಿಂದಿನ ಸಿಮ್ಮು ನಿನ್ನೆಯದೇ, ಹತ್ತು ವರ್ಷದ್ದೇ ಅಂತ ಯಾರೂ ಕೇಳಲಿಲ್ಲ. ಅಮೆರಿಕದ ನಿಸ್ಟ್ ಸಂಸ್ಥೆ 2016ರ ಕರಡಿನಲ್ಲೇ ಎಸ್ಸೆಮ್ಮೆಸ್ ಓಟಿಪಿ ಕೈಬಿಡುವ ಮಾತಾಡಿತ್ತು, 2017ರಲ್ಲಿ ಅದನ್ನು ಎಚ್ಚರಿಕೆಯಿಂದ ಬಳಸಬೇಕಾದ ನಿರ್ಬಂಧಿತ ಪಟ್ಟಿಗೆ ಹಾಕಿತ್ತು. ನಾನು ಕೋಡ್ ಬರೆದದ್ದು ಅದಾದ ಎಷ್ಟೋ ದಿನಗಳ ಮೇಲೆ. ಓದಿರಲಿಲ್ಲ ಅಂತಲ್ಲ. ಸುಲಭ ಅಂತ ಮಾಡಿದೆ.

ಫೋನ್ ನಂಬರನ್ನು ಮನುಷ್ಯ ಅಂದುಕೊಂಡಿದ್ದೇ ಮೂಲ ತಪ್ಪು. ನಂಬರು ಬಾಡಿಗೆ ಮನೆ ಇದ್ದ ಹಾಗೆ. ಬಿಟ್ಟು ಹೋದರೆ ಇನ್ನೊಬ್ಬರು ಬರುತ್ತಾರೆ. ಬಂದ್ ಆದ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲ ಅಂತ 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಸರಿ, 91ನೇ ದಿನ? ನನ್ನ ಹಾಸ್ಟೆಲ್ ದಿನಗಳ ನಂಬರಿಗೆ ಮೊನ್ನೆ ಸುಮ್ಮನೆ ಫೋನ್ ಮಾಡಿ ನೋಡಿದೆ. ಒಬ್ಬ ಅಜ್ಜ ಎತ್ತಿದರು. "ನಿನ್ನ ಹೆಸರಿಗೆ ಬ್ಯಾಂಕಿನ ಮೆಸೇಜ್ ಬರ್ತಾವಪ್ಪಾ, ನೀನೇನಾ?" ಅಂದರು! ಅವರು ಒಳ್ಳೆಯವರು, ನನ್ನ ಅದೃಷ್ಟ. ಅವತ್ತೇ ಬ್ಯಾಂಕಿಗೆ ಹೋಗಿ ಆ ನಂಬರು ತೆಗೆಸಿದೆ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಲಾರೆ. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇಡುವ ನಿಯಮ ಇದೆ. ಸಿಮ್ ಬದಲಾದ 7 ದಿನ ಪೋರ್ಟ್ ಮಾಡುವ ಹಾಗಿಲ್ಲ ಅನ್ನುವುದು 2024ರ ಜುಲೈ 1ರಿಂದ ಬಂತು. ಮೋಸ ಮಾಡಿ ಇನ್ನೊಬ್ಬರ ಹೆಸರಲ್ಲಿ ಸಿಮ್ ಪಡೆದರೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತ 2023ರ ಟೆಲಿಕಾಂ ಕಾಯ್ದೆಯಲ್ಲಿದೆ. ಓಟಿಪಿಯೊಂದನ್ನೇ ನೆಚ್ಚದೆ ಬೇರೆ ದಾರಿಗಳಿಗೂ ಜಾಗ ಕೊಡುವ ನಿರ್ದೇಶನವನ್ನು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿತು. ಎಲ್ಲ ಒಳ್ಳೆಯದೇ. ಆದರೆ 24 ಗಂಟೆಯ ಬೇಲಿ ಕೆಲಸ ಮಾಡಬೇಕಾದರೆ ಆ 24 ಗಂಟೆಯಲ್ಲಿ ಕಾಕಾಗೆ ಗೊತ್ತಾಗಬೇಕು. "ಟವರ್ ಹೋಗೈತಿ" ಅಂತ ಅವನು ಹೊಲಕ್ಕೆ ಹೋದರೆ? ಕಂಪನಿಯ ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂದು, ಹತ್ತು ಜಾಹೀರಾತುಗಳ ನಡುವೆ ಕೂತಿದ್ದರೆ?

ಹಾಗಾದರೆ ಏನು ಮಾಡಬಹುದು? ಎಂಜಿನಿಯರ್ ಬುದ್ಧಿಗೆ ತೋಚಿದ್ದು ಮೂರು.

ಮೊದಲನೆಯದು. "ಸಿಮ್ ಕಳೆದಿದೆ, ಹೊಸದು ಕೊಡಿ" ಅಂತ ಅರ್ಜಿ ಬಂದಾಗ ಹಳೆಯ ಸಿಮ್ಮು ಬದುಕಿದೆಯೋ ಸತ್ತಿದೆಯೋ ಅಂತ ನೆಟ್‌ವರ್ಕಿಗೆ ಗೊತ್ತಿರುತ್ತದೆ. ಯಾವ ಟವರಿನ ಕೆಳಗಿದೆ ಅನ್ನುವುದೂ ಗೊತ್ತಿರುತ್ತದೆ. ಅರ್ಜಿ ಬಂದದ್ದು ಇನ್ನೂರು ಮೈಲಿ ಆಚೆಯಿಂದ, ಹಳೆಯ ಸಿಮ್ಮು ಮಾತ್ರ ಸಾಣಾಪುರದ ಟವರಿನಲ್ಲಿ ಆರಾಮಾಗಿ ಕೂತು ಈಗ ತಾನೇ ಕಾಕಿಗೆ ಫೋನ್ ಮಾಡಿದೆ ಅಂದರೆ ಅನುಮಾನ ಬರಬೇಡವೇ? ಆ ಹಳೆಯ ಸಿಮ್ಮಿಗೆ ಕನ್ನಡದಲ್ಲಿ ಒಂದು ಕರೆ ಹೋಗಲಿ. "ನಿಮ್ಮ ಸಿಮ್ ಬದಲಿಸಲು ಯಾರೋ ಕೇಳುತ್ತಿದ್ದಾರೆ, ನೀವೇನಾ?" ಎತ್ತಿ ಬೇಡ ಅಂದರೆ ಅಲ್ಲಿಗೇ ನಿಲ್ಲಲಿ. ಹಳೆಯ ಸಿಮ್ಮು ನಿಜವಾಗಿ ಹೊಳೆಗೆ ಬಿದ್ದು ಸತ್ತಿದ್ದರೆ ಬೇಗ ಹೊಸದು ಸಿಗಲಿ. ಫೋನೇ ಕಳುವಾಗಿದ್ದರೆ? ಆಗ ಕರೆ ಎತ್ತುವವನು ಕಳ್ಳನೇ ಆಗಿರಬಹುದು, ನಿಜ. ಅಂಥ ಅನುಮಾನದ ಅರ್ಜಿಗೆ ಮಾತ್ರ ಖುದ್ದು ಹಾಜರಿ, ದಾಖಲೆ, ಬೆರಳಚ್ಚು ಎಲ್ಲ ಕೇಳಲಿ. ಎಲ್ಲರಿಗೂ ಒಂದೇ ಬೇಲಿ ಹಾಕಿದರೆ ಕಳ್ಳ ಜಿಗಿಯುತ್ತಾನೆ, ಮುದುಕ ಎಡವುತ್ತಾನೆ.

ಎರಡನೆಯದು ಬ್ಯಾಂಕಿಗೆ, ಮತ್ತು ನಮ್ಮಂಥ ಆ್ಯಪ್ ಬರೆಯುವವರಿಗೆ. ಐಎಂಎಸ್‌ಐ ನಮಗೆ ಬೇಡ. "ಈ ನಂಬರಿನ ಸಿಮ್ಮು ಇತ್ತೀಚೆಗೆ ಬದಲಾಗಿದೆಯೇ?" ಅನ್ನುವುದಕ್ಕೆ ಹೌದು ಅಥವಾ ಇಲ್ಲ ಅನ್ನುವ ಉತ್ತರ ಸಾಕು. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ 2023ರ ಫೆಬ್ರವರಿಯಲ್ಲಿ ಓಪನ್ ಗೇಟ್‌ವೇ ಶುರು ಮಾಡಿದಾಗ ಕೊಟ್ಟ ಮೊದಲ ಎಂಟು ಸವಲತ್ತುಗಳಲ್ಲಿ ಸಿಮ್ ಸ್ವ್ಯಾಪ್ ತಪಾಸಣೆಯೂ ಒಂದು. ಸಿಮ್ ನಿನ್ನೆ ಬದಲಾಗಿದೆ, ಇವತ್ತು ಇಡೀ ಭತ್ತದ ದುಡ್ಡು ಹೊರಟಿದೆ ಅಂದರೆ ಸ್ವಲ್ಪ ತಡಿ ಅನ್ನಲಿಕ್ಕೆ ಇಷ್ಟು ಸಾಲದೇ? ಗುರುತು ಗುಟ್ಟಾಗಿಯೇ ಇರುತ್ತದೆ, ಆದರೆ ಒಡೆಯನ ಪರವಾಗಿ ದುಡಿಯುತ್ತದೆ.

ಮೂರನೆಯದು ನಮ್ಮ ಹಕ್ಕಿನದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಮೊಕದ್ದಮೆಯಲ್ಲಿ. ಮೊಬೈಲ್ ನಂಬರಿಗೆ ಆಧಾರ್ ಜೋಡಣೆ ಕಡ್ಡಾಯ ಮಾಡಿದ್ದು ಸಲ್ಲದು ಅಂತ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಬಂತು. ಖಾಸಗಿತನ ಅಂದರೆ ಬರೀ ಮುಚ್ಚಿಡುವುದಲ್ಲ, ನನ್ನದನ್ನು ಯಾರು ಯಾವಾಗ ಮುಟ್ಟಿದರು ಅಂತ ನನಗೆ ತಿಳಿಯುವುದೂ ಹೌದು. 2023ರಲ್ಲಿ ಬಂದ ಸಂಚಾರ್ ಸಾಥಿ ಜಾಲತಾಣದಲ್ಲಿ ನನ್ನ ಹೆಸರಲ್ಲಿ ಎಷ್ಟು ಸಿಮ್ಮುಗಳಿವೆ ಅಂತ ನೋಡಬಹುದು, ನನ್ನದಲ್ಲದ್ದನ್ನು ತಿಳಿಸಬಹುದು. ಒಳ್ಳೆಯ ಕೆಲಸ. ಅದರ ಪಕ್ಕದಲ್ಲೇ "ಈ ನಂಬರಿನ ಸಿಮ್ ಕೊನೆಯ ಸಲ ಬದಲಾದದ್ದು ಇಂಥ ದಿನ, ಇಂಥ ಊರಲ್ಲಿ" ಅಂತ ಒಂದು ಸಾಲು ಕನ್ನಡದಲ್ಲಿ ಇದ್ದರೆ ಗೆಳೆಯನ ತಕರಾರಿಗೂ ಉತ್ತರ ಸಿಕ್ಕ ಹಾಗೆ. ಹದಿನೈದು ಅಂಕಿ ಕಟ್ಟಿಕೊಂಡು ಅವನು ಏನು ಮಾಡುತ್ತಾನೆ? ಅದು ಬದಲಾಯಿತು ಅಂತ ತಿಳಿದರೆ ಮಾತ್ರ ಏನಾದರೂ ಮಾಡಬಹುದು.

ಅದೆಲ್ಲ ಆಗುವವರೆಗೆ ಮನೆಮಂದಿಗೆ ಹೇಳಿಡಬೇಕಾದ್ದು ಇಷ್ಟು. *#06# ಒತ್ತಿ ಐಎಂಇಐ ಬರೆದು ಬೀರುವಿನಲ್ಲಿಡಿ, ಫೋನ್ ಕಳೆದರೆ ಸಂಚಾರ್ ಸಾಥಿಯಲ್ಲಿ ಅದನ್ನು ಬ್ಲಾಕ್ ಮಾಡಿಸಲಿಕ್ಕೆ ಬೇಕು. ಸಿಮ್ಮಿನ ಉದ್ದ ನಂಬರನ್ನು ಫೋನ್ ಮಾಡಿ ಕೇಳಿದವರಿಗೆ ಯಾರಿಗೂ ಹೇಳಬೇಡಿ. ಯಾರೋ ಹೇಳಿದ ನಂಬರನ್ನು ಕಂಪನಿಗೆ ಎಸ್ಸೆಮ್ಮೆಸ್ ಮಾಡಬೇಡಿ. ಪಕ್ಕದವರ ಫೋನಿಗೆ ಸಿಗ್ನಲ್ ಇದ್ದು ನಿಮ್ಮದಕ್ಕೆ ಮಾತ್ರ ಗಂಟೆಗಟ್ಟಲೆ ಇಲ್ಲದಿದ್ದರೆ ಸುಮ್ಮನಿರಬೇಡಿ, ಇನ್ನೊಬ್ಬರ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಿ. ದುಡ್ಡು ಹೋಗಿದ್ದರೆ 1930ಕ್ಕೆ, ತಡಮಾಡದೆ.

ಇನ್ನು ನನ್ನ ಪ್ರಾಯಶ್ಚಿತ್ತ. ಆಫೀಸಿನಲ್ಲಿ ಆ ಹಳೆಯ ಲಾಗಿನ್ ಕೋಡನ್ನು ಮತ್ತೆ ತೆರೆದಿದ್ದೇನೆ. ಮೂರು ಬಾಗಿಲಿಗೆ ಒಂದೇ ಕೀಲಿ ಬೇಡ ಅಂತ ಮೂರು ಪುಟದ ಟಿಪ್ಪಣಿ ಬರೆದು ಮ್ಯಾನೇಜರಿಗೆ ಕಳಿಸಿದೆ. "ಬಳಕೆದಾರರಿಗೆ ಕಷ್ಟ ಆಗುತ್ತಲ್ಲ" ಅಂತ ಉತ್ತರ ಬಂತು. ಬಳಕೆದಾರ ಅಂದರೆ ಕಾಕಾ ಅಂತ ಅವರಿಗೆ ಹೇಗೆ ಹೇಳುವುದು ಯೋಚಿಸುತ್ತಿದ್ದೇನೆ. ಬಿಡುವುದಿಲ್ಲ.

ನಿನ್ನೆ ಕಾಕಾಗೆ ಫೋನ್ ಮಾಡಿದ್ದೆ. ಆ ಹುಡುಗ ಮತ್ತೆ ಎರಡು ಸಲ ಫೋನ್ ಮಾಡಿದ್ದನಂತೆ.

"ನೀ ಏನಂದಿ ಕಾಕಾ?"

"ಹೆಸರೇನು, ಊರ ಯಾವುದು, ಯಾರ ಮಗ ಅಂತ ಕೇಳಿದ್ನಿ. ಮೊದಲ ಅವನ ಗುರ್ತು ಹೇಳಲಿ, ಆಮ್ಯಾಲೆ ನಂದು ಹೇಳತೀನಿ ಅಂದ್ನಿ. ಫೋನ್ ಕಟ್ ಮಾಡಿದ."

2ಜಿ ಮಾಡಿದವರಿಗೆ ಹೊಳೆಯದ ಮಾತು ಕಾಕಾಗೆ ಹೊಳೆದಿತ್ತು :) ಗುರುತು ಕೇಳುವವನು ಮೊದಲು ತನ್ನ ಗುರುತು ಹೇಳಬೇಕು.

ನೀವೇನಂತೀರಿ?